ತಲುಪಬಾರದ ವಿಳಾಸಗಳು: ಜರ್ಮನಿಯ ಅಂಚೆ ವಿಳಾಸಗಳನ್ನು ಪರೀಕ್ಷೆಗಾಗಿ ಸೃಷ್ಟಿಸಿದ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣದಲ್ಲಿ ಇಬ್ಬರು ಪಾತ್ರಧಾರಿಗಳಿದ್ದಾರೆ. ಒಂದು, ಜರ್ಮನಿಯಲ್ಲಿ ಮನೆಬಳಕೆಯ ವಸ್ತುಗಳನ್ನು ಆನ್‌ಲೈನ್‌ನಲ್ಲಿ ಮಾರುವ ಮಧ್ಯಮ ಗಾತ್ರದ ಸಂಸ್ಥೆ. ಇನ್ನೊಂದು, ಅದರ ಆರ್ಡರ್‌ಗಳು ಬಂದು ಪಾರ್ಸೆಲ್ ಲೇಬಲ್ ಮುದ್ರಣವಾಗುವವರೆಗಿನ ಸಾಫ್ಟ್‌ವೇರನ್ನು ನೋಡಿಕೊಳ್ಳುವ ಬೆಂಗಳೂರಿನ ಐದು ಜನರ ತಂಡ. ಗುರುತು ಸಿಗಬಾರದೆಂದು ಊರು, ವ್ಯಾಪಾರ ಮತ್ತು ಕಾಲದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳನ್ನು ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಪರೀಕ್ಷಾ ದತ್ತಾಂಶದ, ಅಂದರೆ ಸಾಫ್ಟ್‌ವೇರ್ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಬಳಸುವ ಮಾಹಿತಿಯ, ವಿಷಯದಲ್ಲಿ ಸಲಹೆ ಕೊಡಲು ನನ್ನನ್ನು ಕರೆದದ್ದು ಕೆಲಸ ಅರ್ಧ ದಾರಿಗೆ ಬಂದ ಮೇಲೆ. ಆದ್ದರಿಂದ ಮೊದಲ ಭಾಗವನ್ನು ತಂಡದವರು ಹೇಳಿದಂತೆಯೂ ಅವರ ದಾಖಲೆಗಳಲ್ಲಿ ಕಂಡಂತೆಯೂ ಬರೆಯುತ್ತಿದ್ದೇನೆ.

ಬಹಳ ವರ್ಷ ಈ ತಂಡ ಪರೀಕ್ಷೆಗೆ ಬಳಸುತ್ತಿದ್ದುದು ನಿಜವಾದ ಡೇಟಾಬೇಸಿನ ಪ್ರತಿಯನ್ನೇ. ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಅಳಿಸಿ ಬೇರೆ ತುಂಬುತ್ತಿದ್ದರು, ವಿಳಾಸಗಳನ್ನು ಮಾತ್ರ ಹಾಗೆಯೇ ಬಿಡುತ್ತಿದ್ದರು. ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮಾವಳಿ 2018ರ ಮೇ 25ರಿಂದ ಅನ್ವಯವಾಗತೊಡಗಿದ ಮೇಲೆ ಮಾರಾಟ ಸಂಸ್ಥೆಯ ದತ್ತಾಂಶ ಸಂರಕ್ಷಣಾಧಿಕಾರಿ ಈ ಪದ್ಧತಿಯನ್ನು ಪ್ರಶ್ನಿಸಿದರು. ಅವರ ವಾದ ಸರಳವಾಗಿತ್ತು: ಹಳ್ಳಿಯೊಂದರಲ್ಲಿ ಒಂದೇ ಕುಟುಂಬ ವಾಸಿಸುವ ಮನೆಯ ರಸ್ತೆ ಮತ್ತು ಸಂಖ್ಯೆ ಗೊತ್ತಿದ್ದರೆ, ಹೆಸರು ಬದಲಿಸಿದರೂ ಆ ಕುಟುಂಬ ಯಾವುದೆಂದು ತಿಳಿಯುತ್ತದೆ, ಗುರುತನ್ನು ಮರಳಿ ಹಚ್ಚಬಹುದಾದ ದತ್ತಾಂಶ ಆ ನಿಯಮಾವಳಿಯ ಪ್ರಕಾರ ವೈಯಕ್ತಿಕ ದತ್ತಾಂಶವೇ ಆಗಿರುತ್ತದೆ. ಪ್ರತಿಯನ್ನು ಅಳಿಸಲು ಅವರು ಗಡುವು ಕೊಟ್ಟರು. ಅದರ ಜಾಗದಲ್ಲಿ ಏನು ಬರಬೇಕೆಂಬುದು ಕೋರಿಕೆಯ ಪತ್ರದಲ್ಲಿ ಒಂದೇ ಸಾಲಿನಲ್ಲಿತ್ತು: ‘ನೈಜವಾಗಿ ಕಾಣುವ ಜರ್ಮನ್ ವಿಳಾಸಗಳು’. ಮುಂದೆ ನಡೆದ ಎಲ್ಲ ಎಡವಟ್ಟುಗಳೂ ಆ ‘ನೈಜ’ ಎಂಬ ಪದವನ್ನು ಯಾರೂ ಬಿಡಿಸಿ ನೋಡದೆ ಇದ್ದುದರಿಂದಲೇ ಹುಟ್ಟಿದವು.

ಜರ್ಮನಿಯ ವಿಳಾಸ ಹೊರನೋಟಕ್ಕೆ ನಮ್ಮದಕ್ಕಿಂತ ಬಹಳ ಚಿಕ್ಕದು. ಮೊದಲ ಸಾಲಿನಲ್ಲಿ ಹೆಸರು, ಎರಡನೆಯದರಲ್ಲಿ ರಸ್ತೆ, ರಸ್ತೆಯ ಹೆಸರಾದ ಮೇಲೆ ಮನೆ ಸಂಖ್ಯೆ, ಕೊನೆಗೆ ಐದಂಕಿಯ ಅಂಚೆ ಸಂಕೇತ ಮತ್ತು ಊರು. ರಾಜ್ಯವನ್ನು ಬರೆಯುವುದಿಲ್ಲ, ಜಿಲ್ಲೆಯನ್ನು ಬರೆಯುವುದಿಲ್ಲ, ‘ಗಣೇಶನ ದೇವಸ್ಥಾನದ ಎದುರು’ ಎಂಬಂಥ ಗುರುತು ಸೂಚನೆಗೆ ಅಲ್ಲಿ ಸ್ಥಾನವೇ ಇಲ್ಲ. ನಮ್ಮವರಿಗೆ ಹೆಚ್ಚು ವಿಚಿತ್ರವಾಗಿ ಕಂಡದ್ದು ಇನ್ನೊಂದು: ಬಹುಮಹಡಿ ಕಟ್ಟಡದಲ್ಲಿಯೂ ಸಾಮಾನ್ಯವಾಗಿ ಫ್ಲಾಟ್ ಸಂಖ್ಯೆ ಇರುವುದಿಲ್ಲ. ಅಂಚೆಯವರು ಕರೆಗಂಟೆಯ ಫಲಕದ ಮೇಲಿನ, ಅಂಚೆ ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿ ಪತ್ರ ಹಾಕುತ್ತಾರೆ. ಹೀಗಾಗಿ ಅಲ್ಲಿ ಹೆಸರು ವಿಳಾಸದ ಹೊರಗಿನ ಸಂಗತಿಯಲ್ಲ, ಅದರ ಒಂದು ಅಂಗ. ಲೇಬಲ್ಲಿನಲ್ಲಿ ಹೆಸರಿನ ಸಾಲು ಕತ್ತರಿಸಿಹೋದರೆ ಪಾರ್ಸೆಲ್ ಸರಿಯಾದ ಕಟ್ಟಡದ ಬಾಗಿಲಿನವರೆಗೆ ಹೋಗಿ ಅಲ್ಲಿಂದ ಹಿಂದಿರುಗುತ್ತದೆ. ಈ ಸಂಗತಿ ಮುಂದೆ ಇನ್ನೊಂದು ಬಗೆಯಲ್ಲಿ ಮುಖ್ಯವಾಗಲಿದೆ.

ಮೊದಲ ಪ್ರಯತ್ನ ಮತ್ತು ಸುಳ್ಳು ಹಸಿರು

ತಂಡ ಮೊದಲು ಮಾಡಿದ್ದು ಯಾರಾದರೂ ಮಾಡುವ ಕೆಲಸವನ್ನೇ. ಕೃತಕ ಹೆಸರು, ವಿಳಾಸಗಳನ್ನು ಹುಟ್ಟಿಸುವ ಜನಪ್ರಿಯ ಮುಕ್ತ ಲೈಬ್ರರಿಯೊಂದನ್ನು (ಸಿದ್ಧ ಕೋಡಿನ ಸಂಗ್ರಹವನ್ನು) ಜರ್ಮನ್ ಭಾಷೆಗೆ ಹೊಂದಿಸಿ ಹತ್ತು ಸಾವಿರ ವಿಳಾಸಗಳನ್ನು ತೆಗೆದುಕೊಂಡರು. ಅವರು ಬಳಸಿದ ರೀತಿಯಲ್ಲಿ ಆ ಲೈಬ್ರರಿ ಐದು ಅಂಕಿಗಳನ್ನು ಮನಬಂದಂತೆ ಆರಿಸಿ ಅಂಚೆ ಸಂಕೇತವೆಂದು ಕೊಡುತ್ತಿತ್ತು, ಊರನ್ನು ಬೇರೊಂದು ಪಟ್ಟಿಯಿಂದ ಎತ್ತುತ್ತಿತ್ತು, ಯಾವುದೋ ಮನೆತನದ ಹೆಸರಿಗೆ ರಸ್ತೆ ಎಂಬರ್ಥದ ಪದವೊಂದನ್ನು ಅಂಟಿಸಿ ರಸ್ತೆಯ ಹೆಸರು ಮಾಡುತ್ತಿತ್ತು. ಕಣ್ಣಿಗೆ ಜರ್ಮನ್ ಅನ್ನಿಸುವ ವಿಳಾಸಗಳೇನೋ ಬಂದವು.

ಆದರೆ ಐದು ಅಂಕಿಗಳಿಂದ ಒಂದು ಲಕ್ಷ ಸಂಖ್ಯೆಗಳಾಗುತ್ತವೆ. ಅವುಗಳಲ್ಲಿ ಮನೆಗಳಿಗೆ ಪತ್ರ ಹಂಚುವ ಪ್ರದೇಶಗಳಿಗೆ ಕೊಟ್ಟಿರುವುದು ಎಂಟು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಇನ್ನಷ್ಟು ಸಂಕೇತಗಳು ಅಂಚೆ ಕಚೇರಿಯ ಪೆಟ್ಟಿಗೆ (ಪೋಸ್ಟ್ ಬಾಕ್ಸ್) ಸಂಖ್ಯೆಗಳಿಗೂ, ದಿನಕ್ಕೆ ರಾಶಿ ಪತ್ರ ಪಡೆಯುವ ದೊಡ್ಡ ಕಚೇರಿಗಳಿಗೂ ಮೀಸಲಾಗಿವೆ. ಉಳಿದವು ಖಾಲಿ, 05, 43, 62ರಿಂದ ಶುರುವಾಗುವ ಸಂಕೇತಗಳಂತೂ ಇಲ್ಲವೇ ಇಲ್ಲ. ಮೊದಲ ಎರಡು ಅಂಕಿಗಳು ಪ್ರದೇಶವನ್ನು ಹೇಳುವುದರಿಂದ 80ರ ಜೊತೆ ಹ್ಯಾಂಬರ್ಗ್ ಬರಲಾರದು, 20ರ ಜೊತೆ ಮ್ಯೂನಿಕ್ ಬರಲಾರದು. ಪರೀಕ್ಷಾ ವಾತಾವರಣದಲ್ಲಿದ್ದ (ಪರೀಕ್ಷೆಗೆಂದೇ ಬೇರೆಯಾಗಿ ನಡೆಸುವ ವ್ಯವಸ್ಥೆಯಲ್ಲಿದ್ದ) ವಿಳಾಸ ತಾಳೆ ನೋಡುವ ಸೇವೆ ಈ ಹತ್ತು ಸಾವಿರದಲ್ಲಿ ಬಹುಪಾಲನ್ನು ತಿರಸ್ಕರಿಸಿತು. ಗಡುವು ಹತ್ತಿರವಿತ್ತು. ಪರೀಕ್ಷೆಯ ಹೊಣೆ ಹೊತ್ತಿದ್ದವರು ಆ ಸೇವೆಯ ಜಾಗದಲ್ಲಿ ಏನು ಕೇಳಿದರೂ ‘ಸರಿ’ ಎನ್ನುವ ಒಂದು ಬೊಂಬೆ ಸೇವೆಯನ್ನು ಕೂರಿಸಿದರು. ಪರೀಕ್ಷೆಗಳೆಲ್ಲ ಹಸಿರಾದವು, ಅಂದರೆ ಪಾಸಾದವು. ಇದನ್ನು ದೂರುವುದು ಸುಲಭ. ಆದರೆ ದತ್ತಾಂಶವೇ ಹೀಗಿದ್ದಾಗ ತಾಳೆ ನೋಡುವುದನ್ನು ನಿಲ್ಲಿಸದೆ ಕೆಲಸ ಮುಂದಕ್ಕೆ ಹೋಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಹೊಸ ಲೇಬಲ್ ಮಾಡ್ಯೂಲ್ ಬಳಕೆಗೆ ಹೋದ ಕೆಲವೇ ದಿನಗಳಲ್ಲಿ ಗೋದಾಮಿನಿಂದ ದೂರು ಬಂತು. ಡ್ರೆಸ್ಡೆನ್, ಲೈಪ್‌ಜಿಗ್, ಹಾಲೆ, ಯೆನಾ, ಕೆಮ್ನಿಟ್ಸ್ ಕಡೆಯ ಪಾರ್ಸೆಲ್‌ಗಳ ಲೇಬಲ್ ಮೇಲೆ ಅಂಚೆ ಸಂಕೇತ ನಾಲ್ಕೇ ಅಂಕಿಯದಾಗಿತ್ತು. ಡ್ರೆಸ್ಡೆನ್ನಿನ 01067 ಎಂಬುದು 1067 ಆಗಿತ್ತು. ಇಂದಿನ ಐದಂಕಿಯ ಪದ್ಧತಿ ಜಾರಿಗೆ ಬಂದದ್ದು 1993ರ ಜುಲೈ 1ರಂದು. ಅದಕ್ಕೆ ಮೊದಲು ಪೂರ್ವ, ಪಶ್ಚಿಮ ಎರಡೂ ಜರ್ಮನಿಗಳಲ್ಲಿ ನಾಲ್ಕಂಕಿಯ ಸಂಕೇತಗಳಿದ್ದು, ಏಕೀಕರಣದ ನಂತರ 5300 ಎಂದರೆ ಪಶ್ಚಿಮದ ಬಾನ್ ನಗರವೋ ಪೂರ್ವದ ವೈಮರ್ ನಗರವೋ ಎಂದು ತಿಳಿಯಲು ಮುಂದೆ ದಿಕ್ಕಿನ ಅಕ್ಷರ ಸೇರಿಸಬೇಕಾಗಿತ್ತು. ಹೊಸ ಪದ್ಧತಿಯಲ್ಲಿ ಸೊನ್ನೆಯಿಂದ ಆರಂಭವಾಗುವ ವಲಯ ಸ್ಯಾಕ್ಸನಿ ಮತ್ತು ಅದರ ಸುತ್ತಲಿನ ಪೂರ್ವದ ಪ್ರದೇಶಗಳ ಪಾಲಿಗೆ ಬಂತು. ಅಂದರೆ ಈ ಬಗ್ (ಕೋಡಿನ ದೋಷ) ಚದುರಿದ ಬಗ್ ಅಲ್ಲ. ದೇಶದ ಒಂದು ಮೂಲೆಯ ಎಲ್ಲ ಗ್ರಾಹಕರನ್ನೂ ಒಟ್ಟಿಗೆ ಹಿಡಿಯುವಂಥದು.

ಕಾರಣ ಹುಡುಕಿದಾಗ ಮೊದಲು ಸಿಕ್ಕಿದ್ದು ನಿರೀಕ್ಷಿಸಿದ್ದೇ: ಹೊಸ ಮಾಡ್ಯೂಲಿನ ಟೇಬಲ್ಲಿನಲ್ಲಿ ಅಂಚೆ ಸಂಕೇತದ ಕಾಲಂ ಪೂರ್ಣಾಂಕವಾಗಿತ್ತು, ಸಂಖ್ಯೆಯಾಗಿ ಉಳಿಸಿದರೆ ಮುಂದಿನ ಸೊನ್ನೆ ಉಳಿಯುವುದಿಲ್ಲ. ಅದನ್ನು ಬರೆದ ಯುವಕ ‘ಪಿನ್‌ಕೋಡ್ ಅಂದ್ರೆ ನಂಬರ್ ಅಲ್ವಾ ಸಾರ್?’ ಎಂದು ಕೇಳಿದ ಪ್ರಶ್ನೆಯಲ್ಲಿ ನಿರ್ಲಕ್ಷ್ಯವಿರಲಿಲ್ಲ. 1972ರ ಆಗಸ್ಟ್ 15ರಂದು ಬಂದ ನಮ್ಮ ಆರಂಕಿಯ ಪಿನ್‌ಕೋಡ್ 1ರಿಂದ 9ರವರೆಗಿನ ಅಂಕಿಯಿಂದ ಮಾತ್ರ ಆರಂಭವಾಗುತ್ತದೆ, ಸೊನ್ನೆಯಿಂದ ಎಂದೂ ಆರಂಭವಾಗುವುದಿಲ್ಲ. ಕರ್ನಾಟಕದಲ್ಲಿ ಬೆಳೆದವರು 56ರಿಂದ 59ರವರೆಗಿನ ಆರಂಭಗಳನ್ನು ನೋಡಿಕೊಂಡೇ ಬೆಳೆದಿರುತ್ತಾರೆ. ಇಲ್ಲಿ ಪೂರ್ಣಾಂಕದ ಕಾಲಂ ಹತ್ತು ವರ್ಷ ಬಳಸಿದರೂ ಯಾವ ತೊಂದರೆಯೂ ಕಾಣುವುದಿಲ್ಲ. ಇಲ್ಲಿ ಸರಿಯಾಗಿಯೇ ನಡೆದ ರೂಢಿ ಅಲ್ಲಿ ಕೈಕೊಟ್ಟಿತು.

ಇಲ್ಲಿಗೇ ನಿಲ್ಲಿಸಿ ಕಾಲಂ ಬದಲಿಸಿಬಿಡಬಹುದಿತ್ತು. ತಂಡದ ಹಿರಿಯ ಪರೀಕ್ಷಕಿ ಒಪ್ಪಲಿಲ್ಲ. ಅವರು ಕೇಳಿದ ಪ್ರಶ್ನೆ ಈ ಪ್ರಕರಣದ ಮೊದಲ ತಿರುವು: ಮನಬಂದಂತೆ ಆರಿಸಿದ ಹತ್ತು ಸಾವಿರ ಸಂಕೇತಗಳಲ್ಲಿ ಸುಮಾರು ಸಾವಿರವಾದರೂ ಸೊನ್ನೆಯಿಂದ ಆರಂಭವಾಗಿರಲೇಬೇಕು, ಹಾಗಿದ್ದೂ ಒಂದಾದರೂ ಪರೀಕ್ಷೆ ಏಕೆ ಬೀಳಲಿಲ್ಲ? ಅರ್ಧ ದಿನ ಹುಡುಕಿದ ಮೇಲೆ ಉತ್ತರ ಸಿಕ್ಕಿತು. ಯಾರೋ ಹತ್ತು ಸಾವಿರ ಸಾಲಿನ ಆ ಕಡತವನ್ನು ಒಂದು ಕಾಲಂನ ಶೀರ್ಷಿಕೆ ತಿದ್ದಲು ಸ್ಪ್ರೆಡ್‌ಶೀಟಿನಲ್ಲಿ ತೆರೆದು ಉಳಿಸಿದ್ದರು. ಸ್ಪ್ರೆಡ್‌ಶೀಟ್ ತನ್ನ ಸ್ವಭಾವದಂತೆ ಮುಂದಿನ ಸೊನ್ನೆಗಳನ್ನು ತಿಂದುಹಾಕಿತ್ತು. ಆಮೇಲೆ ಡೇಟಾಬೇಸಿಗೆ ತುಂಬುವ ಸ್ಕ್ರಿಪ್ಟ್, ಐದಂಕಿ ಇಲ್ಲದ ಸಾಲುಗಳನ್ನು ‘ಕೆಟ್ಟ ಸಾಲು’ ಎಂದು ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಸಾಫ್ಟ್‌ವೇರಿನಲ್ಲಿದ್ದ ದೋಷವೇ ಪರೀಕ್ಷಾ ದತ್ತಾಂಶವನ್ನು ತಯಾರಿಸುವ ದಾರಿಯಲ್ಲೂ ಇತ್ತು. ಆದ್ದರಿಂದ ದೋಷವನ್ನು ಬಯಲಿಗೆಳೆಯಬೇಕಾದ ಸಾಲುಗಳು ಪರೀಕ್ಷೆಯವರೆಗೆ ಬಂದೇ ಇರಲಿಲ್ಲ. ನನ್ನನ್ನು ಕರೆದದ್ದು ಈ ಹಂತದಲ್ಲಿ.

ಎರಡನೆಯ ಪ್ರಯತ್ನ: ನಿಜವಾದ ರಸ್ತೆಗಳು

ನಾನು ಬಂದ ವೇಳೆಗೆ ತಂಡ ಎದುರು ದಿಕ್ಕಿನ ತುದಿಗೆ ಹೋಗಿತ್ತು. ಕೃತಕ ರಸ್ತೆಗಳನ್ನು ಬಿಟ್ಟು, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಿಂದ ರಸ್ತೆ, ಅಂಚೆ ಸಂಕೇತ, ಊರು ಮೂರನ್ನೂ ಒಟ್ಟಿಗೆ ತೆಗೆದುಕೊಂಡು, ಮನೆ ಸಂಖ್ಯೆಯನ್ನು ಮಾತ್ರ ತಾವು ಹಾಕಿ, ಕೃತಕ ಹೆಸರುಗಳನ್ನು ಜೋಡಿಸಿದ್ದರು. ಆ ನಕ್ಷೆಯ ದತ್ತಾಂಶದಿಂದ ಹುಟ್ಟಿಸಿದ ದತ್ತಾಂಶ ಸಂಗ್ರಹವನ್ನು ಹೊರಗೆ ಹಂಚುವುದಾದರೆ ಅದನ್ನೂ ಅದೇ ಮುಕ್ತ ಪರವಾನಗಿಯಲ್ಲಿ, ಮೂಲವನ್ನು ಹೆಸರಿಸಿ, ಕೊಡಬೇಕಾಗುತ್ತದೆ. ಆಂತರಿಕ ಬಳಕೆಯಾದ್ದರಿಂದ ಮಾರಾಟ ಸಂಸ್ಥೆಯ ವಕೀಲರು ಒಪ್ಪಿದರು.

ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ತಾಳೆ ನೋಡುವ ನಿಜವಾದ ಸೇವೆಯನ್ನು ಮತ್ತೆ ಜೋಡಿಸಿದರು. ಮೊದಲ ವಾರದಲ್ಲೇ ಬಗ್‌ಗಳು ಸಾಲುಗಟ್ಟಿ ಹೊರಬಂದವು. ಅವುಗಳಲ್ಲಿ ಕೆಲವನ್ನು ವಿವರವಾಗಿ ಹೇಳುವುದು ಉಪಯುಕ್ತ, ಏಕೆಂದರೆ ಯಾವ ಲೈಬ್ರರಿಯ ಅಚ್ಚಿನಿಂದಲೂ ಇವು ಹುಟ್ಟುತ್ತಿರಲಿಲ್ಲ.

ರಸ್ತೆ ಮತ್ತು ಮನೆ ಸಂಖ್ಯೆಯನ್ನು ಬೇರ್ಪಡಿಸುವ ಕೋಡ್ ‘ಸಾಲಿನಲ್ಲಿ ಮೊದಲು ಸಿಗುವ ಅಂಕಿಯಿಂದ ಮನೆ ಸಂಖ್ಯೆ ಶುರು’ ಎಂದು ನಂಬಿತ್ತು. ಬರ್ಲಿನ್ನಿನಲ್ಲಿ ‘ಜೂನ್ 17ರ ರಸ್ತೆ’ ಎಂಬರ್ಥದ ಪ್ರಸಿದ್ಧ ರಸ್ತೆಯಿದೆ. 1953ರ ಜೂನ್ 17ರಂದು ಪೂರ್ವ ಜರ್ಮನಿಯಲ್ಲಿ ನಡೆದ ಬಂಡಾಯದ ನೆನಪಿನ ಹೆಸರು ಅದು. ಕೋಡ್ ಆ ರಸ್ತೆಯ ಹೆಸರನ್ನು ‘ಶ್ಟ್ರಾಸೆ ಡೆಸ್’ ಎಂಬಲ್ಲಿಗೆ ಮುರಿದು, 17ರಿಂದ ಮುಂದಿನದನ್ನೆಲ್ಲ ಮನೆ ಸಂಖ್ಯೆಯ ಕಾಲಂಗೆ ತುರುಕಿತ್ತು. ಆ ಕಾಲಂ ಕೂಡ ಅಂಕಿಗಳನ್ನು ಮಾತ್ರ ನಿರೀಕ್ಷಿಸುತ್ತಿತ್ತು. ಆದರೆ ಜರ್ಮನಿಯ ಮನೆ ಸಂಖ್ಯೆ 12ಎ ಆಗಬಹುದು, ಎರಡು ನಿವೇಶನ ಕೂಡಿದಾಗ 12-14 ಆಗಬಹುದು, ಬವೇರಿಯಾದ ಕೆಲವು ಹಳೆಯ ಊರುಗಳಲ್ಲಿ 7½ ಎಂದೂ ಇರಬಹುದು.

ಇದಕ್ಕಿಂತ ಕಷ್ಟವಾದದ್ದು ಮಾನ್‌ಹೈಮ್. ಆ ನಗರದ ಒಳಭಾಗದಲ್ಲಿ ಹೆಚ್ಚಿನ ಕಡೆ ರಸ್ತೆಗಳಿಗೆ ಹೆಸರಿನ ವಿಳಾಸವೇ ಇಲ್ಲ; ಚೌಕಗಳಿಗೆ ಅಕ್ಷರ ಮತ್ತು ಸಂಖ್ಯೆ ಕೊಟ್ಟಿದ್ದಾರೆ. ಅರಮನೆಗೆ ಬೆನ್ನು ಹಾಕಿ ನಿಂತರೆ ನಡುದಾರಿಯ ಒಂದು ಪಕ್ಕ ಎ ಅಕ್ಷರದಿಂದಲೂ ಇನ್ನೊಂದು ಪಕ್ಕ ಎಲ್ ಅಕ್ಷರದಿಂದಲೂ ಸಾಲುಗಳು ಶುರುವಾಗುತ್ತವೆ. ‘ಆರ್ 5, 6’ ಎಂದರೆ ಆರ್ 5 ಎಂಬ ಚೌಕದ 6ನೇ ಸಂಖ್ಯೆಯ ಮನೆ. ವಿಳಾಸ ತುಂಬುವ ನಮ್ಮ ನಮೂನೆ ‘ರಸ್ತೆಯ ಹೆಸರು ಕನಿಷ್ಠ ಮೂರು ಅಕ್ಷರ ಇರಬೇಕು’ ಎಂದು ಹಟ ಹಿಡಿದು ಇದನ್ನು ನಿರಾಕರಿಸುತ್ತಿತ್ತು. ಒಂದು ಮಾತನ್ನು ಇಲ್ಲಿ ಸೇರಿಸಬೇಕು: ಜರ್ಮನಿಯ ಕಡೆಯವರೇ ಈ ವಿಳಾಸವನ್ನು ನಕ್ಷೆಯ ತಪ್ಪೆಂದು ಬದಿಗಿಡಲು ಹೊರಟಿದ್ದರು, ಇದು ತಪ್ಪಲ್ಲ, ಬಡಾವಣೆಯ ಪದ್ಧತಿ ಎಂದು ಮೊದಲು ಅನುಮಾನಿಸಿದ್ದು ಜಯನಗರ 4ನೇ ಟಿ ಬ್ಲಾಕಿನಲ್ಲಿ ಬೆಳೆದ ನಮ್ಮ ಹುಡುಗ.

ಅಕ್ಷರಗಳ ವಿಷಯದಲ್ಲಿ ಎರಡು ಬೇರೆ ಬೇರೆ ತೊಡಕುಗಳಿದ್ದವು. ಜರ್ಮನ್‌ನಲ್ಲಿ ಎಸ್ಸೆಟ್ ಎಂಬ ಅಕ್ಷರವಿದೆ; ರಸ್ತೆ ಎಂಬರ್ಥದ ‘ಶ್ಟ್ರಾಸೆ’ ಪದದ ನಡುವೆ ಬರುವುದು ಅದೇ. ಲೇಬಲ್ ಮಾಡ್ಯೂಲ್ ಎಲ್ಲವನ್ನೂ ದೊಡ್ಡಕ್ಷರಕ್ಕೆ ತಿರುಗಿಸುತ್ತಿತ್ತು. ಎಸ್ಸೆಟ್‌ಗೆ ದೊಡ್ಡಕ್ಷರದ ರೂಪ ಅಧಿಕೃತವಾದದ್ದು 2017ರಲ್ಲಿ ಮಾತ್ರ. ಪ್ರೋಗ್ರಾಮಿಂಗ್ ಭಾಷೆಗಳು ಇಂದಿಗೂ ಸಾಮಾನ್ಯವಾಗಿ ಅದರ ಜಾಗದಲ್ಲಿ ಎರಡು ‘ಎಸ್’ ಬರೆಯುತ್ತವೆ. ಹಾಗಾಗಿ ಡ್ರೆಸ್ಡೆನ್ನಿನ ಗ್ರೋಸೆನ್‌ಹೈನರ್ ಶ್ಟ್ರಾಸೆಯಂಥ ಹೆಸರು, ಎರಡು ಎಸ್ಸೆಟ್ ಇರುವುದರಿಂದ, ದೊಡ್ಡಕ್ಷರವಾಗುತ್ತಲೇ ಎರಡು ಅಕ್ಷರ ಉದ್ದವಾಗುತ್ತದೆ. ಅಳೆದು ಇಟ್ಟ ಕಾಲಂನಲ್ಲಿ ಉದ್ದ ಪರೀಕ್ಷಿಸಿದ್ದು ತಿರುಗಿಸುವ ಮೊದಲು. ಕತ್ತರಿ ಬಿದ್ದದ್ದು ತಿರುಗಿಸಿದ ಮೇಲೆ. ಕಳೆದುಹೋದದ್ದು ಸಾಲಿನ ಕೊನೆಯಲ್ಲಿದ್ದ ಮನೆ ಸಂಖ್ಯೆ. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲದ ಲಿಪಿಯಲ್ಲಿ ಓದು ಕಲಿತವರಿಗೆ ಇದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ, ಆದರೆ ಆ ಲಿಪಿಯಲ್ಲೇ ಹುಟ್ಟಿ ಬೆಳೆದವರಿಗೂ ಹೊಳೆದಿರಲಿಲ್ಲ.

ಇನ್ನೊಂದು ತೊಡಕನ್ನು ಬಿಡಿಸಿದ್ದು ಮಾತ್ರ ಕನ್ನಡವೇ. ಒಂದೇ ಊರಿನ ಹೆಸರು ಪರದೆಯ ಮೇಲೆ ಒಂದೇ ರೀತಿ ಕಂಡರೂ ನಕಲು ಗ್ರಾಹಕರನ್ನು ಹುಡುಕುವ ಕೋಡ್ ಅವೆರಡನ್ನು ಬೇರೆ ಎನ್ನುತ್ತಿತ್ತು. ತಂಡದಲ್ಲೊಬ್ಬರು ಹಿಂದೆ ಕನ್ನಡ ಪಠ್ಯದ ಹುಡುಕಾಟದ ಮೇಲೆ ಕೆಲಸ ಮಾಡಿದ್ದರು. ‘ಕೊ’ ಎಂಬಲ್ಲಿ ಒತ್ವದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೊಟ್ಟಿರುವ ಸಂಕೇತ ಪದ್ಧತಿಯಲ್ಲಿ) ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸ ಕಾಣದು. ಜರ್ಮನ್‌ನ ಉಮ್ಲೌಟ್, ಅಂದರೆ ಮೇಲೆ ಎರಡು ಚುಕ್ಕಿಯಿರುವ ಸ್ವರಾಕ್ಷರಗಳದೂ ಇದೇ ಕಥೆ: ಚುಕ್ಕಿಗಳ ಸಮೇತ ಒಂದೇ ಸಂಕೇತ, ಇಲ್ಲವೇ ಮೂಲ ಸ್ವರ ಮತ್ತು ಬಿಡಿ ಚುಕ್ಕಿಗಳ ಜೋಡಿ. ಅವರು ಎರಡು ‘ಮ್ಯೂನ್ಶೆನ್’ಗಳ (ಮ್ಯೂನಿಕ್‌ನ ಜರ್ಮನ್ ಹೆಸರು) ಬೈಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಐದೇ ನಿಮಿಷದಲ್ಲಿ ತೋರಿಸಿಕೊಟ್ಟರು. ನಕ್ಷೆಯ ದತ್ತಾಂಶ ಒಂದೇ ರೂಪದಲ್ಲಿತ್ತು; ಒಬ್ಬ ಡೆವಲಪರ್‌ನ ಯಂತ್ರದ ಮೂಲಕ ಹಾದುಬಂದ ಕಡತ ಇನ್ನೊಂದು ರೂಪಕ್ಕೆ ತಿರುಗಿತ್ತು.

ಓಡರ್ ನದಿಯ ಫ್ರಾಂಕ್‌ಫರ್ಟ್ ಮತ್ತು ಮೈನ್ ನದಿಯ ಫ್ರಾಂಕ್‌ಫರ್ಟ್ ಒಂದಾಗಿಬಿಟ್ಟದ್ದು, ಆವರಣ ಚಿಹ್ನೆಗಳನ್ನು ಕಿತ್ತುಹಾಕುವ ಕೋಡಿನಿಂದಾಗಿ ‘ಹಾಲೆ (ಸಾಲೆ)’ ಬರೀ ಹಾಲೆ ಆದದ್ದು ಇಂಥವನ್ನೆಲ್ಲ ಬೇಗ ಸರಿಪಡಿಸಲಾಯಿತು. ತಂಡದಲ್ಲಿ ಉತ್ಸಾಹವಿತ್ತು. ನೈಜ ಎಂದರೆ ಇದೇ ಎಂದು ಎಲ್ಲರೂ ಒಪ್ಪಿದ್ದೆವು, ನಾನೂ ಸೇರಿ.

ಪತ್ರಗಳು ಹೊರಟುಹೋದವು

ಆರನೆಯ ವಾರದಲ್ಲಿ ಮಾರಾಟ ಸಂಸ್ಥೆಯ ಗ್ರಾಹಕ ಸೇವೆಗೆ ಒಬ್ಬ ಗೃಹಸ್ಥರ ಕರೆ ಬಂತು. ತಮ್ಮ ಮನೆಯ ವಿಳಾಸಕ್ಕೆ, ತಾವು ಎಂದೂ ಕೇಳಿರದ ಹೆಸರಿನವರಿಗೆ, ಬಾಕಿ ಹಣ ಕಟ್ಟುವಂತೆ ಎಚ್ಚರಿಕೆಯ ಪತ್ರ ಬಂದಿದೆ. ತಮ್ಮ ವಿಳಾಸವನ್ನು ಯಾರೋ ವಂಚನೆಗೆ ಬಳಸುತ್ತಿದ್ದಾರೆಯೇ ಎಂಬುದು ಅವರ ಆತಂಕ.

ಪರೀಕ್ಷಾ ವಾತಾವರಣದಲ್ಲಿ ಬಾಕಿ ವಸೂಲಿಯ ಪತ್ರಗಳನ್ನು ಕಳುಹಿಸುವ ಭಾಗ, ಕಡತವನ್ನು ಪಡೆದು ಮುದ್ರಿಸಿ ಅಂಚೆಗೆ ಹಾಕುವ ಹೊರಗಿನ ಸೇವೆಯೊಂದಕ್ಕೆ ಜೋಡಣೆಯಾಗಿತ್ತು. ಯಾವುದೋ ಕಾಲದಲ್ಲಿ ಯಾರೋ ಅಲ್ಲಿ ಪರೀಕ್ಷೆಯ ಕೀಲಿಯ (ಸೇವೆಯನ್ನು ಬಳಸಲು ಕೊಡುವ ಗುಪ್ತ ಸಂಕೇತದ) ಬದಲು ನಿಜವಾದ ಕೀಲಿಯನ್ನು ಹಾಕಿದ್ದರು. ಹಳೆಯ ಡೇಟಾಬೇಸ್ ಪ್ರತಿಯ ಕಾಲದಲ್ಲಿ ಆ ಭಾಗವನ್ನು ಯಾರೂ ಚಾಲೂ ಮಾಡಿರಲಿಲ್ಲ. ಲೈಬ್ರರಿಯ ವಿಳಾಸಗಳ ಕಾಲದಲ್ಲಿ ಚಾಲೂ ಮಾಡಿದ್ದರೂ ಅಸಂಬದ್ಧ ಸಂಕೇತಗಳನ್ನು ಆ ಸೇವೆಯೇ ಹಿಂದಿರುಗಿಸುತ್ತಿತ್ತು. ಈಗ ನಮ್ಮ ವಿಳಾಸಗಳು ಎಷ್ಟು ಚೆನ್ನಾಗಿದ್ದವೆಂದರೆ ಅವುಗಳನ್ನು ತಡೆಯಲು ಯಾರಿಗೂ ಕಾರಣವಿರಲಿಲ್ಲ. ಮುದ್ರಣವಾದ ಪತ್ರಗಳಲ್ಲಿ ಹೆಚ್ಚಿನವು ಕಟ್ಟಡದ ಕರೆಗಂಟೆಯ ಫಲಕದಲ್ಲಿ ಆ ಹೆಸರು ಇಲ್ಲವೆಂಬ ಕಾರಣಕ್ಕೆ ಹಿಂದಿರುಗಿದವು. ಆದರೆ ಒಂದೇ ಕುಟುಂಬದ ಮನೆಗಳಲ್ಲಿ, ಸಂಖ್ಯೆ ನೋಡಿಯೇ ಪತ್ರ ಹಾಕುವ ಕಡೆ, ಕೆಲವು ತಲುಪಿದವು. ಸಂರಕ್ಷಣಾಧಿಕಾರಿ ಮೊದಲೇ ಎತ್ತಿ ತೋರಿಸಿದ್ದ ಹಳ್ಳಿಮನೆಗಳೇ ಅವು.

ನಾನು ಈ ಘಟನೆಯಲ್ಲಿ ನನ್ನ ಪಾಲನ್ನು ಮುಚ್ಚಿಡಲಾರೆ. ಹೆಸರು ಕೃತಕವಾಗಿರುವುದರಿಂದ ವೈಯಕ್ತಿಕ ದತ್ತಾಂಶದ ಪ್ರಶ್ನೆ ಬರುವುದಿಲ್ಲ ಎಂದು ತಂಡಕ್ಕೆ ಹೇಳಿದವನು ನಾನೇ. ದತ್ತಾಂಶ ಎಲ್ಲಿಂದ ಬಂತು ಎಂಬ ಬಗ್ಗೆ ಯೋಚಿಸಿದ್ದೆ, ಅದು ಎಲ್ಲಿಗೆ ಹೋಗಬಹುದು ಎಂಬ ಬಗ್ಗೆ ಯೋಚಿಸಿರಲಿಲ್ಲ. ಅನಾಮಿಕ ಹೆಸರಿಗೆ ಬಂದ ವಸೂಲಿ ಪತ್ರ ಮನೆಯೊಂದರಲ್ಲಿ ಹುಟ್ಟಿಸುವ ಕಳವಳಕ್ಕೆ ಆ ಹೆಸರು ಯಂತ್ರ ಹುಟ್ಟಿಸಿದ್ದೆಂಬುದು ಸಮಾಧಾನವಾಗುವುದಿಲ್ಲ.

ಪದವನ್ನು ಬಿಡಿಸಿ ಬರೆದದ್ದು

ಆ ವಾರ ಮಾಡಿದ ಮೊದಲ ಕೆಲಸಕ್ಕೂ ವಿಳಾಸಗಳಿಗೂ ಸಂಬಂಧವಿಲ್ಲ: ಪರೀಕ್ಷಾ ವಾತಾವರಣದಿಂದ ಹೊರಗೆ ಹೋಗುವ ಎಲ್ಲ ದಾರಿಗಳನ್ನೂ ನೆಟ್‌ವರ್ಕ್ ಮಟ್ಟದಲ್ಲೇ ಮುಚ್ಚಿ, ಹೆಸರಿಸಿದ ಕೆಲವನ್ನು ಮಾತ್ರ ತೆರೆದರು. ಬಾಗಿಲಿಗೆ ಬೀಗ ಬೇಕಾದ ಕಡೆ ದತ್ತಾಂಶದ ಒಳ್ಳೆಯತನವನ್ನು ನೆಚ್ಚಿಕೊಂಡದ್ದು ಮೂಲ ತಪ್ಪಾಗಿತ್ತು.

ನಂತರ ವಿಳಾಸದ ಪ್ರಶ್ನೆಗೆ ಹಿಂದಿರುಗಿದೆವು. ದೂರವಾಣಿ ಸಂಖ್ಯೆಗಳ ವಿಷಯದಲ್ಲಿ ಜರ್ಮನಿಯ ಸಂಯುಕ್ತ ಜಾಲ ನಿಯಂತ್ರಣ ಸಂಸ್ಥೆ ಚಲನಚಿತ್ರ, ದೂರದರ್ಶನಗಳ ಬಳಕೆಗೆಂದು ಬರ್ಲಿನ್, ಹ್ಯಾಂಬರ್ಗ್, ಕಲೋನ್, ಫ್ರಾಂಕ್‌ಫರ್ಟ್, ಮ್ಯೂನಿಕ್ ನಗರಗಳಲ್ಲಿ ಯಾರಿಗೂ ಹಂಚದ ಸಂಖ್ಯೆಗಳನ್ನು ಮೀಸಲಿಟ್ಟಿದೆ. ಇಂಟರ್ನೆಟ್ ಡೊಮೇನ್‌ಗಳಲ್ಲಿಯೂ ಉದಾಹರಣೆಗೆಂದೇ ಮೀಸಲಾದ ಹೆಸರುಗಳು 1999ರಿಂದ ಇವೆ. ಅಂಚೆ ವಿಳಾಸಕ್ಕೆ ಅಂಥ ಮೀಸಲು ಇಲ್ಲ. ಜರ್ಮನ್ನರು ನಮೂನೆಗಳಲ್ಲಿ ‘ಮುಸ್ಟರ್‌ಶ್ಟ್ರಾಸೆ 1, 12345 ಮುಸ್ಟರ್‌ಶ್ಟಾಟ್’ ಎಂದು, ಮಾದರಿ ರಸ್ತೆ, ಮಾದರಿ ಊರು ಎಂಬರ್ಥದಲ್ಲಿ ಬರೆಯುವ ರೂಢಿಯಿದೆ. 12ರಿಂದ ಆರಂಭವಾಗುವ ಸಂಕೇತಗಳು ಬಹುತೇಕ ಬರ್ಲಿನ್ನಿನ ಪಾಲಿನವು, ಹಾಗಾಗಿ ಊರು ಮತ್ತು ಸಂಕೇತ ತಾಳೆಯಾಗದೆ ಯಾವ ತಪಾಸಣೆಯಲ್ಲೂ ಅದು ದಾಟುವುದಿಲ್ಲ. ಕಾಗದದ ಮೇಲಿನ ಮಾದರಿಗೆ ಚೆನ್ನ, ಪರೀಕ್ಷೆಗೆ ಸಾಲದು.

ಹಿರಿಯ ಪರೀಕ್ಷಕಿ ಮತ್ತು ನಾನು ಬಿಳಿ ಹಲಗೆಯ ಮುಂದೆ ಕುಳಿತು ‘ನೈಜ’ ಎಂಬ ಪದವನ್ನು ಒರೆಸಿ ಅದರ ಜಾಗದಲ್ಲಿ ಪ್ರಶ್ನೆಗಳನ್ನು ಬರೆದೆವು. ಈ ಪರೀಕ್ಷೆಗೆ ಬೇಕಾದದ್ದು ವಿಳಾಸದ ಆಕಾರವೋ, ಭಾಗಗಳ ನಡುವಿನ ಹೊಂದಾಣಿಕೆಯೋ, ಅಥವಾ ಭೂಮಿಯ ಮೇಲೆ ಆ ಮನೆ ಇರುವುದೋ? ಲೇಬಲ್ ಮುದ್ರಣಕ್ಕೆ ಆಕಾರ ಸಾಕು. ಸಾಗಣೆ ವೆಚ್ಚ ಲೆಕ್ಕ ಹಾಕಲು ಸಂಕೇತ ಮತ್ತು ಊರಿನ ಹೊಂದಾಣಿಕೆ ಬೇಕು. ರಸ್ತೆಯ ಮಟ್ಟದಲ್ಲಿ ತಾಳೆ ನೋಡುವ ಸೇವೆಯ ಪರೀಕ್ಷೆಗೆ ಮಾತ್ರ ನಿಜವಾದ ವಿಳಾಸ ಬೇಕು, ಅದೂ ಬೆರಳೆಣಿಕೆಯಷ್ಟು. ನಾವು ಎಲ್ಲಕ್ಕೂ ಮೂರನೆಯದನ್ನೇ ತುಂಬಿದ್ದೆವು.

ಇದರಿಂದ ಮೂರು ಕಡತಗಳು ಹುಟ್ಟಿದವು. ಮೂರನೆಯ, ಅತಿ ಚಿಕ್ಕ ಕಡತದಲ್ಲಿ ಮಾರಾಟ ಸಂಸ್ಥೆಯ ಸ್ವಂತ ಗೋದಾಮು, ಕಚೇರಿಗಳ ವಿಳಾಸಗಳಷ್ಟೇ ಇದ್ದವು. ತಪ್ಪಿ ಪತ್ರ ಹೋದರೂ ಅವರಿಗೇ ಹೋಗಲಿ ಎಂದು. ಎರಡನೆಯದರಲ್ಲಿ ಸಂಕೇತ ಮತ್ತು ಊರು ನಿಜವಾದವು, ರಸ್ತೆ ಮಾತ್ರ ಆ ಊರಿನಲ್ಲಿ ಇಲ್ಲದ್ದು. ಇಲ್ಲದ ರಸ್ತೆಯನ್ನು ಜರ್ಮನ್ ಅನ್ನಿಸುವಂತೆ ಕಟ್ಟುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ, ಏಕೆಂದರೆ ರಸ್ತೆಯ ಹೆಸರಿಗೂ ಅಲ್ಲಿ ಒಂದು ಸಮಾಸ ನಿಯಮವಿದೆ. ಒಂಟಿ ನಾಮಪದವಾದರೆ ‘ಗೋಥೆಶ್ಟ್ರಾಸೆ’ ಎಂದು ಕೂಡಿಕೊಳ್ಳುತ್ತದೆ. ಊರಿನ ಹೆಸರಿನಿಂದ ಬಂದ ವಿಶೇಷಣವಾದರೆ ‘ಬರ್ಲಿನರ್ ಶ್ಟ್ರಾಸೆ’ ಎಂದು ಬಿಡಿಯಾಗಿ ನಿಲ್ಲುತ್ತದೆ. ಹೆಸರು, ಮನೆತನ ಎರಡೂ ಇದ್ದರೆ ‘ಕೊನ್ರಾಡ್-ಆಡೆನೌವರ್-ಶ್ಟ್ರಾಸೆ’ ಎಂದು ಪ್ರತಿ ಸಂಧಿಯಲ್ಲೂ ಅಡ್ಡಗೆರೆ ಬರುತ್ತದೆ. ಇನ್ನು ‘ಉಂಟರ್ ಡೆನ್ ಲಿಂಡೆನ್’, ಅಂದರೆ ಲಿಂಡೆನ್ ಮರಗಳ ಕೆಳಗೆ, ಎಂಬಂಥವುಗಳಲ್ಲಿ ರಸ್ತೆ ಎಂಬ ಪದವೇ ಇರುವುದಿಲ್ಲ. ಮೊದಲ ಲೈಬ್ರರಿ ಇದರಲ್ಲಿ ಒಂದೇ ಅಚ್ಚನ್ನು ಬಳಸಿತ್ತು. ನಾವು ನಾಲ್ಕನ್ನೂ ಬರೆದು, ಹುಟ್ಟಿದ ಪ್ರತಿಯೊಂದು ಹೆಸರನ್ನೂ ಆ ಊರಿನ ನಿಜವಾದ ರಸ್ತೆಪಟ್ಟಿಯೊಂದಿಗೆ ಹೋಲಿಸಿ, ಹೊಂದಿದರೆ ಬಿಸಾಡುವಂತೆ ಮಾಡಿದೆವು. ನಕ್ಷೆಯ ದತ್ತಾಂಶ ಈಗ ವಿಳಾಸ ಕೊಡುವ ಮೂಲವಾಗಿರಲಿಲ್ಲ, ಬೇಡವಾದದ್ದನ್ನು ಸೋಸುವ ಜರಡಿಯಾಗಿತ್ತು. ಪ್ರಕರಣದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಬದಲಾವಣೆ ಇದು.

ಮೊದಲ ಕಡತ ಕೈಯಿಂದ ಬರೆದ ಅರವತ್ತು ಚಿಲ್ಲರೆ ವಿಳಾಸಗಳದು. ಸೊನ್ನೆಯಿಂದ ಆರಂಭವಾಗುವ ಸಂಕೇತ, ಹೆಸರಿನೊಳಗೆ ಅಂಕಿ, ಚೌಕದ ವಿಳಾಸ, ಎರಡು ಎಸ್ಸೆಟ್, ಬಿಡಿ ಚುಕ್ಕಿಯ ಉಮ್ಲೌಟ್, ಪಾರ್ಸೆಲ್ ಪೆಟ್ಟಿಗೆಗೆ ಹೋಗುವ ವಿಳಾಸ. ಕೊನೆಯದರಲ್ಲಿ ರಸ್ತೆಯ ಜಾಗದಲ್ಲಿ ‘ಪಾಕ್‌ಸ್ಟಾಟ್ಸಿಯೋನ್’ ಎಂಬ ಪದ, ಮನೆ ಸಂಖ್ಯೆಯ ಜಾಗದಲ್ಲಿ ಪೆಟ್ಟಿಗೆಯ ಸಂಖ್ಯೆ, ಹೆಸರಿನ ಕೆಳಗೆ ಗ್ರಾಹಕರ ಅಂಚೆ ಸಂಖ್ಯೆ ಇರುತ್ತವೆ. ಎರಡನೆಯ ಸಾಲನ್ನು ‘ಐಚ್ಛಿಕ’ ಎಂದು ಬಿಡುವ ಯಾವ ವ್ಯವಸ್ಥೆಯೂ ಇಲ್ಲಿ ಸೋಲುತ್ತದೆ. ಪ್ರತಿ ಸಾಲಿಗೂ ‘ಇದು ಇಲ್ಲಿ ಏಕಿದೆ’ ಎಂಬ ಕಾಲಂ ಇಟ್ಟು, ಕಾರಣ ಬರೆಯಲಾಗದ ಸಾಲನ್ನು ಸೇರಿಸಬಾರದೆಂದು ತೀರ್ಮಾನಿಸಿದೆವು. ಕಡತಗಳನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆಯುವುದನ್ನು ನಿಷೇಧಿಸುವ ಬದಲು (ನಿಷೇಧ ಎಷ್ಟು ದಿನ ನಡೆಯುತ್ತದೆ?) ತುಂಬುವ ಸ್ಕ್ರಿಪ್ಟ್ ಒಂದು ಸಾಲನ್ನು ಬಿಟ್ಟರೂ ಇಡೀ ಕೆಲಸ ನಿಲ್ಲುವಂತೆ ಮಾಡಲಾಯಿತು. ದೊಡ್ಡ ಕಡತವನ್ನು ಹುಟ್ಟಿಸುವಾಗ ಪ್ರತಿ ಸಲವೂ ಒಂದೇ ಸೀಡ್ ಸಂಖ್ಯೆಯನ್ನು (ಯಾದೃಚ್ಛಿಕ ಆಯ್ಕೆಯ ಆರಂಭ ಬಿಂದುವನ್ನು) ಕೊಡುವುದರಿಂದ, ಮಂಗಳವಾರ ಬಿದ್ದ ಪರೀಕ್ಷೆಯನ್ನು ಶುಕ್ರವಾರ ಅದೇ ವಿಳಾಸದೊಂದಿಗೆ ಮತ್ತೆ ಬೀಳಿಸಿ ನೋಡಬಹುದಾಯಿತು.

ಸದ್ಯದ ಸ್ಥಿತಿ

ಆಮೇಲಿನ ಮೂರು ಬಿಡುಗಡೆಗಳಲ್ಲಿ ವಿಳಾಸದ ಕಾರಣದಿಂದ ಗೋದಾಮಿನಿಂದ ದೂರು ಬಂದದ್ದು ಒಂದೇ ಸಲ. ಅದು ಸ್ವಿಟ್ಜರ್ಲೆಂಡಿನ ನೆಲದಿಂದ ಸುತ್ತುವರಿದಿರುವ ಜರ್ಮನಿಯ ಊರು ಬ್ಯೂಸಿಂಗೆನ್‌ಗೆ ಹೊರಟ ಪಾರ್ಸೆಲ್. ಆ ಊರಿಗೆ ಜರ್ಮನಿಯ 78266 ಎಂಬ ಸಂಕೇತವೂ ಇದೆ, ಸ್ವಿಟ್ಜರ್ಲೆಂಡಿನ 8238 ಎಂಬ ಸಂಕೇತವೂ ಇದೆ. ಊರು ಜರ್ಮನಿಯದೇ ಆದರೂ ಸುಂಕದ ಲೆಕ್ಕದಲ್ಲಿ ಐರೋಪ್ಯ ಒಕ್ಕೂಟದ ಹೊರಗಿದೆ. ನಾಲ್ಕಂಕಿಯ ಸಂಕೇತ ಕಂಡರೆ ಮುಂದೆ ಸೊನ್ನೆ ಕಳೆದಿದೆ ಎಂದು ಭಾವಿಸಿ ಸೇರಿಸುವ ಒಂದು ‘ದುರಸ್ತಿ’ಯನ್ನು ಡ್ರೆಸ್ಡೆನ್ನಿನ ದೂರಿನ ಮರುದಿನ ಆತುರದಲ್ಲಿ ಯಾರೋ ಬರೆದಿದ್ದರು, ಅದು ಇಲ್ಲಿ 8238ನ್ನು 08238 ಮಾಡಿ ಪಾರ್ಸೆಲ್ಲನ್ನು ಸ್ಯಾಕ್ಸನಿಯ ಕಡೆಗೆ ತಿರುಗಿಸಿತ್ತು. ದುರಸ್ತಿಯನ್ನು ತೆಗೆದುಹಾಕಿ, ಬ್ಯೂಸಿಂಗೆನ್‌ಗೆ ಮೊದಲ ಕಡತದಲ್ಲಿ ಎರಡು ಸಾಲು ಸೇರಿಸಿದೆವು. ‘ಇದು ಇಲ್ಲಿ ಏಕಿದೆ’ ಎಂಬ ಕಾಲಂ ಎರಡರಲ್ಲೂ ತುಂಬಿದೆ. ತೆರಿಗೆ ಹಾಕಬೇಕೋ ಬೇಡವೋ ಎಂಬ ‘ನಿರೀಕ್ಷಿತ ಫಲಿತಾಂಶ’ದ ಕಾಲಂ ಮಾತ್ರ, ಮಾರಾಟ ಸಂಸ್ಥೆಯ ಲೆಕ್ಕಪತ್ರ ವಿಭಾಗದ ಉತ್ತರಕ್ಕಾಗಿ, ನಾನು ಇದನ್ನು ಬರೆಯುವ ಹೊತ್ತಿಗೂ ಖಾಲಿಯಿದೆ.